ಸಿ ಡ್ರೈವ್‌ನಲ್ಲಿ ಲೆಕ್ಕಕ್ಕೆ ಸಿಗದ 103 ಜಿಬಿ ಎಲ್ಲಿ ಹೋಯಿತು?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 256 ಜಿಬಿ ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್, ವಿಂಡೋಸ್ 11 ಇದೆ. ಸಿ ಡ್ರೈವ್‌ನ ಪಟ್ಟಿ ಕೆಂಪಾಗಿದೆ. ಬರೀ 6 ಜಿಬಿ ಉಳಿದಿದೆ. ಎರಡು ರಾತ್ರಿ ಕೂತು 700 ಫೋಟೊ ಅಳಿಸಿದೆ. ಟೆಂಪ್ ಫೈಲ್‌ಗಳನ್ನು ತೆಗೆದೆ, ಬ್ರೌಸರ್ ಕ್ಯಾಶ್ ಖಾಲಿ ಮಾಡಿದೆ. ಮೂರನೇ ದಿನಕ್ಕೆ ಮತ್ತೆ ಅದೇ ಕಥೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಎಲ್ಲಾ ಸೇರಿ 78 ಜಿಬಿ. ಎರಡೂ ಪ್ರೋಗ್ರಾಂ ಫೈಲ್ಸ್ ಸೇರಿ 22. ವಿಂಡೋಸ್ ಫೋಲ್ಡರ್ 28. ಒಟ್ಟು 128. ಆದರೆ 231 ಜಿಬಿ ಬಳಕೆಯಾಗಿದೆ ಅಂತ ತೋರಿಸುತ್ತಿದೆ. ಉಳಿದ 103 ಎಲ್ಲಿ? ವೈರಸ್ಸಾ? ಒಂದು ಕ್ಲೀನರ್ ಸಾಫ್ಟ್‌ವೇರ್ ‘14 ಜಿಬಿ ಕಸ, 2,300 ದೋಷ ಸಿಕ್ಕಿವೆ, ದುಡ್ಡು ಕೊಟ್ಟರೆ ಸರಿಮಾಡುತ್ತೇನೆ’ ಅನ್ನುತ್ತಿದೆ. ಕೊಳ್ಳಲಾ? ವಿನ್‌ಎಸ್‌ಎಕ್ಸ್‌ಎಸ್ ಅನ್ನೋ ಫೋಲ್ಡರ್ ಅಳಿಸಬಹುದಾ? ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ, ಫೋಟೊ ಎಲ್ಲಾ ಅದಕ್ಕೆ ಸಾಗಿಸಲಾ?

ಉತ್ತರ: ವೈರಸ್ ಅಲ್ಲ, ಹೆದರಬೇಡಿ. ಕ್ಲೀನರ್ ಕೊಳ್ಳಬೇಡಿ. ವಿನ್‌ಎಸ್‌ಎಕ್ಸ್‌ಎಸ್ ಮುಟ್ಟಬೇಡಿ. ಫೋಟೊ ಸಾಗಿಸಬಹುದು, ಆದರೆ ಅದರಲ್ಲೊಂದು ಅಪಾಯವಿದೆ. ಒಂದೊಂದಾಗಿ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮೆಚ್ಚುಗೆ. ನೀವು ಕೂತು ಲೆಕ್ಕ ಹಾಕಿದ್ದೀರಿ. ಜಾಗ ಸಾಲದು ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕೈಗೆ ಸಿಕ್ಕಿದ್ದನ್ನೆಲ್ಲಾ ಅಳಿಸಿ ಆಮೇಲೆ ಬರುತ್ತಾರೆ. ನೀವೂ ಅಳಿಸಿದ್ದೀರಿ, ಆದರೆ ಕೂಡಿಯೂ ನೋಡಿದ್ದೀರಿ. ಆ ಲೆಕ್ಕ ತಾಳೆಯಾಗದೇ ಹೋದದ್ದೇ ನಮಗೆ ಸಿಕ್ಕ ಸುಳಿವು.

ಆ ಎರಡು ರಾತ್ರಿಗಳ ಮಾತು ಮೊದಲು ಮುಗಿಸೋಣ. ಫೋನಿನಲ್ಲಿ ತೆಗೆದ ಒಂದು ಫೋಟೊ ಸುಮಾರು 4 ಎಂಬಿ ಅಂದುಕೊಳ್ಳಿ. 700 ಫೋಟೊ ಅಂದರೆ 2.8 ಜಿಬಿ. ಈಗಿನ ಫೋನುಗಳಲ್ಲಿ 4ಕೆ ವಿಡಿಯೊವನ್ನು ಸೆಕೆಂಡಿಗೆ 60 ಫ್ರೇಮ್‌ನಂತೆ ತೆಗೆದರೆ ನಿಮಿಷಕ್ಕೆ ಸುಮಾರು 400 ಎಂಬಿ ತಿನ್ನುತ್ತದೆ. ಏಳು ನಿಮಿಷಕ್ಕೆ ಅದೇ 2.8 ಜಿಬಿ. ಅಂದರೆ ಯಾವುದೋ ಸಮಾರಂಭದಲ್ಲಿ ತೆಗೆದು ಮತ್ತೆಂದೂ ತಿರುಗಿ ನೋಡದ ಒಂದೇ ಒಂದು ವಿಡಿಯೊ ಅಳಿಸಿದ್ದರೆ ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಇನ್ನು ಬ್ರೌಸರ್ ಕ್ಯಾಶ್ ಇರುವುದೇ ತುಂಬಿಕೊಳ್ಳುವುದಕ್ಕೆ. ನೀವು ನೋಡಿದ ಪುಟ ಮತ್ತೆ ಬೇಗ ತೆರೆಯಲಿ ಅಂತ ಅದು ಚಿತ್ರಗಳನ್ನು ಇಟ್ಟುಕೊಳ್ಳುತ್ತದೆ. ಇವತ್ತು ಖಾಲಿ ಮಾಡಿದರೆ ನಾಳೆ ಮತ್ತೆ ತುಂಬಲು ಶುರು. ಟೆಂಪ್ ಫೈಲ್‌ಗಳದ್ದೂ ಹೆಚ್ಚುಕಮ್ಮಿ ಅದೇ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು, ಆ ಇಲಿಯೂ ಮೂರನೇ ದಿನಕ್ಕೆ ವಾಪಸ್ ಬಂತು.

ಹಾಗಾಗಿ ನಾನು ಯಾರಿಗೇ ಆಗಲಿ ಹೇಳುವುದು ಒಂದೇ: ಅಳಿಸುವ ಮೊದಲು ಅಳೆಯಿರಿ.

ಅಳೆಯಲು ಒಳ್ಳೆಯ ಉಚಿತ ಸಾಧನಗಳಿವೆ. ವಿನ್‌ಡಿರ್‌ಸ್ಟಾಟ್ ಹಳೆಯದು, ವಿಜ್‌ಟ್ರೀ ತುಂಬಾ ಚುರುಕು. ಎರಡೂ ನಿಮ್ಮ ಡಿಸ್ಕನ್ನು ಬಣ್ಣಬಣ್ಣದ ಚೌಕಗಳ ನಕ್ಷೆಯಾಗಿ ತೋರಿಸುತ್ತವೆ. ಫೈಲ್ ದೊಡ್ಡದಾದಷ್ಟೂ ಅದರ ಚೌಕ ದೊಡ್ಡದು. ಈ ನಕ್ಷೆ ಹುಟ್ಟಿದ ಕಥೆಯೂ ನಿಮ್ಮ ಕಥೆಯೇ. 1990ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ 14 ಜನ ಹಂಚಿಕೊಂಡಿದ್ದ ಹಾರ್ಡ್ ಡಿಸ್ಕ್ ತುಂಬಿಹೋಗಿತ್ತು. ಅದರ ಒಟ್ಟು ಅಳತೆ 80 ಎಂಬಿ, ಇವತ್ತಿನ ಇಪ್ಪತ್ತು ಫೋಟೊ ಹಿಡಿಸುವಷ್ಟು! ಯಾರ ಯಾವ ಫೈಲ್ ಜಾಗ ತಿಂದಿದೆ ಅಂತ ಒಂದೇ ನೋಟಕ್ಕೆ ಕಾಣುವ ಹಾಗೆ ಮಾಡಲು ಬೆನ್ ಶ್ನೈಡರ್‌ಮನ್ ಅನ್ನುವ ಪ್ರೊಫೆಸರ್ ತಲೆಕೆಡಿಸಿಕೊಂಡು ಈ ಚೌಕಗಳ ವಿಧಾನ ಕಂಡುಹಿಡಿದರು. ಅದಕ್ಕೆ ಟ್ರೀಮ್ಯಾಪ್ ಅಂತ ಹೆಸರು.

ವಿಜ್‌ಟ್ರೀಯನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ಅದರ ಚಿತ್ರ ಕಳಿಸಿ ಅಂತ ನಿಮ್ಮನ್ನು ಕೇಳಿದ್ದೆ. ಕಳಿಸಿದ್ದೀರಿ. ನೋಡಿದೆ. ನಿಮ್ಮ 103 ಜಿಬಿ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ನೀವು ಲೆಕ್ಕ ಹಾಕುವಾಗ ವಿಂಡೋಸ್ ನಿಮಗೆ ತೋರಿಸದ ಆರು ಜಾಗಗಳಲ್ಲಿ ಹಂಚಿಕೊಂಡು ಕೂತಿದೆ. ಆಪ್‌ಡೇಟಾ ಫೋಲ್ಡರ್‌ನಲ್ಲಿ 62, ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್‌ನಲ್ಲಿ 12, ಪೇಜ್‌ಫೈಲ್ 9, ಪ್ರೋಗ್ರಾಂಡೇಟಾ 9, ಹೈಬರ್‌ಫಿಲ್ 6, ರೀಸೈಕಲ್ ಬಿನ್ 5. ಕೂಡಿ ನೋಡಿ, ಸರಿಯಾಗಿ 103.

ರೀಸೈಕಲ್ ಬಿನ್ ನೋಡಿ ನನಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನೀವು ಎರಡು ರಾತ್ರಿ ಅಳಿಸಿದ ಆ 700 ಫೋಟೊ ಇನ್ನೂ ಅಲ್ಲೇ ಇವೆ. ಡಿಲೀಟ್ ಒತ್ತಿದರೆ ಫೈಲ್ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತದೆ ಅಷ್ಟೇ, ಮನೆ ಬಿಟ್ಟು ಹೋಗುವುದಿಲ್ಲ. ಬಿನ್ ಖಾಲಿ ಮಾಡಿದಾಗಲೇ ಜಾಗ ಸಿಗುವುದು. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಅಳಿಸಿದ್ದರಲ್ಲಿ ಬೇಕಾದ್ದೂ ಸೇರಿರುತ್ತದೆ. ಒಮ್ಮೆ ಬಿನ್ ತೆರೆದು ಹಗಲು ಹೊತ್ತಿನಲ್ಲಿ ಕಣ್ಣಾಡಿಸಿ, ಆಮೇಲೆ ಖಾಲಿ ಮಾಡಿ. ನಿಮ್ಮದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಬರೆದಿಡುವ ಡಿಸ್ಕ್. ಅದರಲ್ಲಿ ಖಾಲಿ ಮಾಡಿದ ಮೇಲೆ ವಾಪಸ್ ತರುವ ಆಸೆ ಬಿಡಬೇಕು. ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ ಅಳಿಸಿದ ಫೈಲನ್ನು ರಿಕವರಿ ಸಾಫ್ಟ್‌ವೇರ್ ಎಷ್ಟೋ ಸಲ ಹುಡುಕಿ ಕೊಡುತ್ತಿತ್ತು. ಎಸ್‌ಎಸ್‌ಡಿಗೆ ವಿಂಡೋಸ್ ‘ಈ ಜಾಗ ಇನ್ನು ಬೇಡ’ ಅಂತ ತಾನೇ ಹೇಳಿಬಿಡುತ್ತದೆ. ಟ್ರಿಮ್ ಅನ್ನುವುದು ಅದನ್ನೇ. ಹೇಳಿದ ಮೇಲೆ ಅಲ್ಲಿದ್ದದ್ದು ಬೇಗನೇ ನಿಜವಾಗಿಯೂ ಅಳಿದುಹೋಗುತ್ತದೆ.

ಈಗ ದೊಡ್ಡ ಕುಳ: ಆಪ್‌ಡೇಟಾ. ಇದು ನಿಮ್ಮ ಯೂಸರ್ ಫೋಲ್ಡರ್‌ನ ಒಳಗೇ ಇರುತ್ತದೆ, ಆದರೆ ಬಚ್ಚಿಟ್ಟಿರುತ್ತದೆ. ಒಂದೊಂದು ಆ್ಯಪ್ ತನ್ನ ಸಾಮಾನನ್ನೆಲ್ಲಾ ತಂದು ಇಲ್ಲೇ ಸುರಿಯುತ್ತದೆ. ನಿಮ್ಮ ಚಿತ್ರದಲ್ಲಿ ಇದರೊಳಗೆ ಒಂದು ದೊಡ್ಡ ಚೌಕ ಎದ್ದು ಕಾಣುತ್ತಿದೆ: ರೋಮಿಂಗ್, ಅದರಲ್ಲಿ ಆಪಲ್ ಕಂಪ್ಯೂಟರ್, ಅದರಲ್ಲಿ ಮೊಬೈಲ್‌ಸಿಂಕ್, ಅದರಲ್ಲಿ ಬ್ಯಾಕಪ್. 41 ಜಿಬಿ. ಐಟ್ಯೂನ್ಸ್ ಮೂಲಕ ಐಫೋನನ್ನು ಕಂಪ್ಯೂಟರಿಗೆ ಬ್ಯಾಕಪ್ ಮಾಡಿದರೆ ಅದು ಬಂದು ಕೂರುವ ಜಾಗ ಇದು. ಒಳಗೆ ಎರಡು ಫೋಲ್ಡರ್ ಇವೆ. ಒಂದರ ತಾರೀಖು ಹೋದ ತಿಂಗಳಿನದು, 17 ಜಿಬಿ. ಇನ್ನೊಂದು ಮೂರು ವರ್ಷ ಹಳೆಯದು, 24 ಜಿಬಿ. ನನ್ನ ಊಹೆ ಸರಿಯಾದರೆ ಎರಡನೆಯದು ನೀವು ಯಾವತ್ತೋ ಮಾರಿದ ಅಥವಾ ಮನೆಯವರಿಗೆ ಕೊಟ್ಟ ಫೋನಿನದು. ಫೋನ್ ಹೋಯಿತು, ಅದರ ನೆರಳು ಇಲ್ಲೇ ಉಳಿಯಿತು.

ಇದನ್ನು ಫೋಲ್ಡರ್‌ಗೆ ಹೋಗಿ ನೇರವಾಗಿ ಅಳಿಸಬೇಡಿ. ಐಟ್ಯೂನ್ಸ್ ತೆರೆದು ಎಡಿಟ್, ಪ್ರಿಫರೆನ್ಸಸ್, ಡಿವೈಸಸ್‌ಗೆ ಹೋದರೆ ಎರಡೂ ಬ್ಯಾಕಪ್‌ಗಳು ಫೋನಿನ ಹೆಸರು ಮತ್ತು ತಾರೀಖಿನ ಸಮೇತ ಕಾಣುತ್ತವೆ. ಹಳೆಯದನ್ನು ಆರಿಸಿ ಡಿಲೀಟ್ ಬ್ಯಾಕಪ್ ಒತ್ತಿ. ಹಳೆ ಫೋನಿನಲ್ಲಿದ್ದ ಫೋಟೊ, ಮೆಸೇಜ್‌ಗಳು ಹೊಸ ಫೋನಿಗೆ ಬಂದಿವೆಯಾ ಅಂತ ಮಾತ್ರ ಮೊದಲು ಖಚಿತ ಮಾಡಿಕೊಳ್ಳಿ. ಬಂದಿದ್ದರೆ, ಐದು ನಿಮಿಷದಲ್ಲಿ 24 ಜಿಬಿ.

ಅದೇ ಆಪ್‌ಡೇಟಾದಲ್ಲಿ ಇನ್ನೊಂದು 9 ಜಿಬಿ ನಿಮ್ಮ ಚಾಟ್ ಆ್ಯಪ್‌ನದು. ಗ್ರೂಪಿನಲ್ಲಿ ಬರುವ ಶುಭೋದಯದ ಚಿತ್ರ, ಒಂದೇ ವಿಡಿಯೊ ನಾಲ್ಕು ಗ್ರೂಪಿನಿಂದ ನಾಲ್ಕು ಸಲ, ಎಲ್ಲಾ ಇಲ್ಲಿ ಇಳಿದಿರುತ್ತವೆ. ಇದನ್ನೂ ಆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿರುವ ಸ್ಟೋರೇಜ್ ಭಾಗದಿಂದಲೇ ತೆಗೆಯಿರಿ, ಮತ್ತೆ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಮಿಕ್ಕ 12 ಜಿಬಿ ಹತ್ತಾರು ಆ್ಯಪ್‌ಗಳ ಚೂರುಪಾರು. ಅಲ್ಲಿ ಕೈ ಹಾಕಿದರೆ ಸಿಗುವುದಕ್ಕಿಂತ ಕೆಡುವುದೇ ಜಾಸ್ತಿ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಬುಕ್‌ಮಾರ್ಕ್ ಇರುವುದೂ ಅಲ್ಲೇ. ಬಿಟ್ಟುಬಿಡಿ. ಎಲ್ಲಾ ಬಳಕೆದಾರರಿಗೂ ಬೇಕಾದ ಸಾಮಾನನ್ನು ಆ್ಯಪ್‌ಗಳು ಇಡುವ ಪ್ರೋಗ್ರಾಂಡೇಟಾವನ್ನೂ ಬಿಟ್ಟುಬಿಡಿ.

ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್ ಅನ್ನುವ ಗಂಭೀರ ಹೆಸರಿನ ಫೋಲ್ಡರ್‌ನಲ್ಲಿ ಇರುವುದು ಹೆಚ್ಚಾಗಿ ರಿಸ್ಟೋರ್ ಪಾಯಿಂಟ್‌ಗಳು. ಅಪ್‌ಡೇಟ್ ಅಥವಾ ಡ್ರೈವರ್ ಹಾಕಿ ಏನಾದರೂ ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್ ಇಟ್ಟುಕೊಳ್ಳುವ ನಕಲು. ಪೂರ್ತಿ ನಿಲ್ಲಿಸುವುದು ನನಗೆ ಇಷ್ಟವಿಲ್ಲ, ಅದು ಕಾಪಾಡಿದ ದಿನಗಳನ್ನು ನಾನು ನೋಡಿದ್ದೇನೆ. ಆದರೆ 12 ಜಿಬಿ ಬೇಕಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಅಂತ ಹುಡುಕಿ, ಸಿ ಡ್ರೈವ್ ಆರಿಸಿ, ಕಾನ್ಫಿಗರ್ ಒತ್ತಿ. ಅಲ್ಲಿ ಮ್ಯಾಕ್ಸ್ ಯೂಸೇಜ್ ಅಂತ ಒಂದು ಗುಂಡಿ ಜಾರಿಸಲು ಸಿಗುತ್ತದೆ. ಅದನ್ನು ಶೇಕಡಾ 2ಕ್ಕೆ ಇಳಿಸಿ. ಹಳೆಯವು ತಾವೇ ಹೋಗುತ್ತವೆ, ಹೊಸದು ಉಳಿಯುತ್ತದೆ. ಸುಮಾರು 7 ಜಿಬಿ ಬರುತ್ತದೆ.

ಹೈಬರ್‌ಫಿಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇಂಟರ್‌ನೆಟ್‌ನಲ್ಲಿ ಎಲ್ಲರೂ ಇದನ್ನು ತೆಗೆಯಿರಿ ಅಂತಾರೆ. ಲ್ಯಾಪ್‌ಟಾಪ್ ಹೈಬರ್ನೇಟ್‌ಗೆ ಹೋಗುವಾಗ ರ‍್ಯಾಮಿನಲ್ಲಿ ಇದ್ದದ್ದನ್ನು ಈ ಫೈಲ್‌ನಲ್ಲಿ ಬರೆದಿಟ್ಟು ಮಲಗುತ್ತದೆ. ಎದ್ದಾಗ ನೀವು ಬಿಟ್ಟ ಕಿಟಕಿಗಳೆಲ್ಲಾ ಹಾಗೇ ತೆರೆದಿರುತ್ತವೆ. ಅದಕ್ಕಾಗಿ ವಿಂಡೋಸ್ ಸಾಮಾನ್ಯವಾಗಿ ರ‍್ಯಾಮಿನ ಶೇಕಡಾ 40ರಷ್ಟು ಜಾಗ ಮೊದಲೇ ಕಾದಿರಿಸುತ್ತದೆ. ನಿಮ್ಮ 16ಕ್ಕೆ 6.4 ಜಿಬಿ. ಮೇಜಿನ ಕಂಪ್ಯೂಟರ್ ಆಗಿದ್ದರೆ ನಾನೂ ತೆಗೆಯಿರಿ ಅನ್ನುತ್ತಿದ್ದೆ. ಆದರೆ ನಿಮ್ಮದು ಲ್ಯಾಪ್‌ಟಾಪ್. ಮುಚ್ಚಳ ಮುಚ್ಚಿ ಮರೆತಾಗ, ಬ್ಯಾಟರಿ ತಳ ಕಂಡಾಗ, ಅರ್ಧ ಬರೆದ ಪತ್ರವನ್ನು ಉಳಿಸುವುದು ಇದೇ ಫೈಲ್. ಇದನ್ನು ತೆಗೆದರೆ ಲ್ಯಾಪ್‌ಟಾಪ್ ಬೇಗ ಶುರುವಾಗಲು ನೆರವಾಗುವ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ಹಾಗಾಗಿ ಬೇರೆಲ್ಲಾ ಮಾಡಿದ ಮೇಲೂ ಸಾಲದಿದ್ದರೆ ಮಾತ್ರ ಇದಕ್ಕೆ ಬನ್ನಿ. ಬಂದರೂ ಫೈಲನ್ನು ಹಿಡಿದು ಅಳಿಸಲು ಹೋಗಬೇಡಿ, ಬಿಡುವುದಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷಿನಲ್ಲಿ ‘ಪವರ್’ ಜೊತೆಗೆ ಸಿ, ಎಫ್, ಜಿ ಅಕ್ಷರ ಸೇರಿಸಿ ಒಂದೇ ಪದವಾಗಿ ಬರೆದು, ಜಾಗ ಬಿಟ್ಟು ಅಡ್ಡಗೆರೆ ಮತ್ತು ಎಚ್, ಮತ್ತೆ ಜಾಗ ಬಿಟ್ಟು ‘ಆಫ್’ ಅಂತ ಬರೆದು ಎಂಟರ್ ಒತ್ತಿದರೆ ಫೈಲ್ ತಾನೇ ಮಾಯ. ಕೊನೆಗೆ ‘ಆನ್’ ಅಂತ ಬರೆದರೆ ವಾಪಸ್.

ಪೇಜ್‌ಫೈಲ್ ಮುಟ್ಟಬೇಡಿ. ರ‍್ಯಾಮ್ ಸಾಲದೇ ಹೋದಾಗ ವಿಂಡೋಸ್ ಒರಗಿಕೊಳ್ಳುವ ಗೋಡೆ ಅದು.

ಇಷ್ಟಾದ ಮೇಲೆ ವಿಂಡೋಸ್‌ನದೇ ಸಾಧನಕ್ಕೆ ಬನ್ನಿ. ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಅಲ್ಲಿ ಟೆಂಪೊರರಿ ಫೈಲ್ಸ್. ‘ವಿಂಡೋಸ್ ಅಪ್‌ಡೇಟ್ ಕ್ಲೀನಪ್’, ‘ಡೆಲಿವರಿ ಆಪ್ಟಿಮೈಸೇಷನ್ ಫೈಲ್ಸ್’ ಇವಕ್ಕೆ ಧೈರ್ಯವಾಗಿ ಟಿಕ್ ಹಾಕಿ. ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್’ ಅಂತ ಕಂಡರೆ ಅದು ದೊಡ್ಡ ಅಪ್‌ಡೇಟ್ ಆದಾಗ ಉಳಿದ ಹಳೆಯ ವಿಂಡೋಸ್. ಹೊಸದು ಇಷ್ಟವಾಗದಿದ್ದರೆ ವಾಪಸ್ ಹೋಗಲಿ ಅಂತ 10 ದಿನ ಇಟ್ಟುಕೊಂಡು ಆಮೇಲೆ ವಿಂಡೋಸೇ ತೆಗೆಯುತ್ತದೆ. ಹೊಸದು ಸರಿಯಾಗಿ ಓಡುತ್ತಿದ್ದರೆ ಅಷ್ಟು ದಿನ ಕಾಯಬೇಕಿಲ್ಲ. ಒಂದೇ ಒಂದು ಸಾಲಿನ ಮುಂದೆ ಕೈ ತಡೆಯಿರಿ: ಡೌನ್‌ಲೋಡ್ಸ್. ಅದೂ ಈ ಪಟ್ಟಿಯಲ್ಲಿ ಸುಮ್ನೆ ಕೂತಿರುತ್ತದೆ. ಎಲ್ಲಾ ಕಸವೇ ಅಲ್ವಾ ಅಂತ ಗಬಗಬನೆ ಟಿಕ್ ಹಾಕಿಕೊಂಡು ಹೋದರೆ ನೀವು ಇಳಿಸಿಟ್ಟ ಅಂಕಪಟ್ಟಿ, ವಿಮೆ ಕಾಗದ ಎಲ್ಲಾ ಹೋಗುತ್ತದೆ. ಬಿನ್‌ಗೂ ಹೋಗುವುದಿಲ್ಲ, ನೇರ ಹೊರಗೆ. ಇದರಿಂದ ಅತ್ತವರನ್ನು ನಾನು ಕಂಡಿದ್ದೇನೆ.

ಆ ಕ್ಲೀನರ್ ಸಾಫ್ಟ್‌ವೇರ್ ಹೇಳುವ 14 ಜಿಬಿ ಕಸದ ಬಹುಭಾಗ ಈ ಟೆಂಪೊರರಿ ಫೈಲ್‌ಗಳೇ. ವಿಂಡೋಸ್ ಪುಕ್ಕಟೆ ಗುಡಿಸುವುದನ್ನು ಅವರು ದುಡ್ಡು ಕೇಳಿ ಗುಡಿಸುತ್ತಾರೆ. ಇನ್ನು 2,300 ದೋಷ ಅಂದರೆ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಮತ್ತು ಆ್ಯಪ್‌ಗಳ ಸೆಟ್ಟಿಂಗ್ಸ್ ಬರೆದಿಡುವ ಪಟ್ಟಿಯಲ್ಲಿ, ಉಳಿದ ಹಳೆಯ ಸಾಲುಗಳು. ಅವನ್ನೆಲ್ಲಾ ತೆಗೆದರೂ ನಿಮಗೆ ಒಂದು ಫೋಟೊ ಇಡುವಷ್ಟು ಜಾಗ ಬಂದರೆ ಹೆಚ್ಚು. ತಪ್ಪು ಸಾಲು ತೆಗೆದರೆ ಮಾತ್ರ ಯಾವುದೋ ಆ್ಯಪ್ ಏಳದೇ ಹೋಗಬಹುದು. ಅಷ್ಟೇ ಅಲ್ಲ, ಇಂಥ ಸಾಫ್ಟ್‌ವೇರ್‌ಗೆ ನೀವು ಇಡೀ ಡಿಸ್ಕಿನ ಬೀಗದ ಕೈ ಕೊಡುತ್ತೀರಿ. 2017ರಲ್ಲಿ ತುಂಬಾ ಜನಪ್ರಿಯವಾಗಿದ್ದ ಒಂದು ಕ್ಲೀನರ್‌ನ ಅಧಿಕೃತ ಆವೃತ್ತಿಯೊಳಗೇ ದುಷ್ಕರ್ಮಿಗಳು ಮಾಲ್‌ವೇರ್ ತೂರಿಸಿದ್ದರು. 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಅದು ಹೋಗಿತ್ತು. ಕಸ ಗುಡಿಸಲು ಕರೆದವರ ಜೊತೆ ಕಳ್ಳರೂ ಬಂದಿದ್ದರು.

ವಿನ್‌ಎಸ್‌ಎಕ್ಸ್‌ಎಸ್ ವಿಷಯ. ವಿಂಡೋಸ್ ಫೋಲ್ಡರ್ ಒಳಗೇ ಇರುವ, ವಿಂಡೋಸ್ ತನ್ನ ಭಾಗಗಳನ್ನು ಇಟ್ಟುಕೊಳ್ಳುವ ಉಗ್ರಾಣ ಇದು. ಅದು 10 ಜಿಬಿ ಇದೆ ಅಂತ ಕಂಡು ನಿಮಗೆ ಆಸೆಯಾಗಿರುವುದು ಸಹಜ. ಆದರೆ ಆ 10 ಜಿಬಿ ಅರ್ಧ ಭ್ರಮೆ. ವಿಂಡೋಸ್‌ನ ಭಾಗಗಳು ಡಿಸ್ಕಿನ ಮೇಲೆ ಒಂದೇ ಸಲ ಇರುತ್ತವೆ, ಆದರೆ ಎರಡು ಫೋಲ್ಡರ್‌ಗಳಲ್ಲಿ ಹೆಸರು ಬರೆಸಿಕೊಂಡಿರುತ್ತವೆ. ಇದಕ್ಕೆ ಹಾರ್ಡ್ ಲಿಂಕ್ ಅಂತಾರೆ. ಒಂದೇ ಮನೆಗೆ ಎರಡು ಬಾಗಿಲು ಇದ್ದ ಹಾಗೆ. ಬಾಗಿಲು ಎಣಿಸಿ ಎರಡು ಮನೆ ಇದೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕೈಯಾರೆ ಅಳಿಸಿದರೆ ಅಪ್‌ಡೇಟ್ ನಿಲ್ಲಬಹುದು, ಒಂದು ದಿನ ಬೆಳಗ್ಗೆ ಲ್ಯಾಪ್‌ಟಾಪ್ ಏಳದೇ ಹೋಗಬಹುದು. ಅಲ್ಲಿ ನಿಜವಾಗಿ ತೆಗೆಯಬಹುದಾದ ಹಳೆಯ ಭಾಗಗಳನ್ನು ಆಗಲೇ ಹೇಳಿದ ‘ವಿಂಡೋಸ್ ಅಪ್‌ಡೇಟ್ ಕ್ಲೀನಪ್’ ತೆಗೆಯುತ್ತದೆ.

ಮತ್ತೊಂದು ಸಣ್ಣ ಅನುಮಾನ, ನೀವು ಕೇಳಿಲ್ಲ, ಆದರೂ ಬಂದಿರುತ್ತದೆ. 256 ಅಂತ ಕೊಂಡದ್ದು 237 ಯಾಕೆ ತೋರಿಸುತ್ತದೆ? ಡಿಸ್ಕ್ ಮಾಡುವವರು 100 ಕೋಟಿ ಬೈಟ್‌ಗೆ ಒಂದು ಜಿಬಿ ಅಂತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಸುಮಾರು 107 ಕೋಟಿ ಬೈಟ್‌ಗೆ ಒಂದು ಜಿಬಿ ಅನ್ನುತ್ತದೆ. ಸೇರು ದೊಡ್ಡದಾದರೆ ಅದೇ ರಾಶಿ ಕಡಿಮೆ ಸೇರು ಬರುತ್ತದಲ್ಲ, ಹಾಗೆ. 256 ಇದ್ದದ್ದು 238 ಆಗುತ್ತದೆ, 512 ಇದ್ದದ್ದು 476, ಒಂದು ಟಿಬಿ 931. ನಿಮ್ಮದರಲ್ಲಿ ಇನ್ನೊಂದು ಜಿಬಿ ಬೂಟ್ ಮತ್ತು ರಿಕವರಿಯ ಸಣ್ಣ ಪಾರ್ಟಿಷನ್‌ಗಳಿಗೆ ಹೋಗಿದೆ. ಯಾರೂ ಮೋಸ ಮಾಡಿಲ್ಲ.

ಇನ್ನು ನಿಮ್ಮದೇ 78 ಜಿಬಿ. ಇಲ್ಲಿ ವಿಂಡೋಸ್ ನಿಮಗೆ ಸಹಾಯ ಮಾಡಲಾರದು, ಯಾವುದು ಬೇಕು ಬೇಡ ಅಂತ ಗೊತ್ತಿರುವುದು ನಿಮಗೆ ಮಾತ್ರ. ಆದರೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳಬಲ್ಲೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ನಿಮ್ಮ ಯೂಸರ್ ಫೋಲ್ಡರ್ ತೆರೆದು ಹುಡುಕುವ ಜಾಗದ ಮೇಲೆ ಕ್ಲಿಕ್ ಮಾಡಿ. ಮೇಲೆ ಸರ್ಚ್ ಆಪ್ಷನ್ಸ್ ಬರುತ್ತದೆ, ಅದರಲ್ಲಿ ಸೈಜ್. ‘ಜೈಗ್ಯಾಂಟಿಕ್’ ಆರಿಸಿದರೆ 4 ಜಿಬಿಗಿಂತ ದೊಡ್ಡವು, ‘ಹ್ಯೂಜ್’ ಅಂದರೆ 1ರಿಂದ 4 ಜಿಬಿಯವು. ಹತ್ತಿಪ್ಪತ್ತು ಫೈಲ್ ಬರುತ್ತವೆ, ಅಷ್ಟನ್ನೇ ನೋಡಿ ನಿರ್ಧರಿಸಿ. ಫೋಟೊಗಳ ತಂಟೆಗೆ ಹೋಗಲೇಬೇಡಿ. ಒಂದೊಂದು ಫೋಟೊ ನೋಡಿ, ನೆನಪು ಮಾಡಿಕೊಂಡು, ಬೇಕೋ ಬೇಡವೋ ಅಂತ ಯೋಚಿಸಿ 4 ಎಂಬಿ ಉಳಿಸುವುದು ಜಾಗದ ಕೆಲಸವಲ್ಲ. ಅದನ್ನು ಬಿಡುವಿದ್ದಾಗ ಖುಷಿಗೆ ಮಾಡಿ.

ಡೌನ್‌ಲೋಡ್ಸ್ ಫೋಲ್ಡರನ್ನು ಸೈಜ್ ಪ್ರಕಾರ ಜೋಡಿಸಿ ನೋಡಿ. ಒಮ್ಮೆ ಇನ್‌ಸ್ಟಾಲ್ ಮಾಡಿ ಮುಗಿದ ಸೆಟಪ್ ಫೈಲ್‌ಗಳು ಇರುತ್ತವೆ. ಜಿಪ್ ಫೈಲ್ ಇರುತ್ತದೆ, ಅದನ್ನು ಬಿಚ್ಚಿದ ಫೋಲ್ಡರೂ ಪಕ್ಕದಲ್ಲೇ ಇರುತ್ತದೆ. ಒಂದೇ ಹೆಸರಿನ ಮುಂದೆ 1, 2, 3 ಅಂತ ಬರೆದುಕೊಂಡ ಫೈಲ್‌ಗಳು ನೀವು ಮೂರು ಸಲ ಹೆಚ್ಚಿಗೆ ಇಳಿಸಿದ್ದಕ್ಕೆ ಸಾಕ್ಷಿ. ಫೋಟೊ, ವಿಡಿಯೊಗಳನ್ನು ಜಿಪ್ ಮಾಡಿದರೆ ಕುಗ್ಗುತ್ತವೆ ಅಂತ ಕೆಲವರು ಹೇಳುತ್ತಾರೆ. ಕುಗ್ಗುವುದಿಲ್ಲ. ಜೆಪೆಗ್, ಎಂಪಿ4 ಆಗಲೇ ಹಿಂಡಿ ಇಟ್ಟವು, ಮತ್ತೆ ಹಿಂಡಿದರೆ ಏನೂ ಇಳಿಯದು.

ಎಕ್ಸ್‌ಟರ್ನಲ್ ಡಿಸ್ಕಿಗೆ ಸಾಗಿಸುವ ಮಾತು. ದೊಡ್ಡ ವಿಡಿಯೊಗಳನ್ನು ಸಾಗಿಸಿ, ಒಳ್ಳೆಯದು. ಆದರೆ ಕಟ್-ಪೇಸ್ಟ್ ಮಾಡಬೇಡಿ. ಕಾಪಿ ಮಾಡಿ, ಅಲ್ಲಿ ಎರಡು ಮೂರು ಫೈಲ್ ತೆರೆದು ನೋಡಿ, ಎಜೆಕ್ಟ್ ಕೊಟ್ಟು ಕಿತ್ತು, ಮತ್ತೆ ಚುಚ್ಚಿ ಇನ್ನೊಮ್ಮೆ ನೋಡಿ, ಆಮೇಲೆ ಇಲ್ಲಿಂದ ಅಳಿಸಿ. ಇನ್ನು ಅಪಾಯ ಅಂದದ್ದು ಇದು: ಇಲ್ಲಿಂದ ಅಳಿಸಿದ ಗಳಿಗೆಯಿಂದ ಆ ಡಿಸ್ಕಿನಲ್ಲಿರುವುದೇ ಏಕೈಕ ಪ್ರತಿ. ಎಷ್ಟೋ ಜನ ಅದನ್ನು ಬ್ಯಾಕಪ್ ಅಂತ ಕರೆಯುತ್ತಾರೆ. ಎರಡು ಕಡೆ ಇದ್ದರೆ ಮಾತ್ರ ಬ್ಯಾಕಪ್. ಒಂದೇ ಕಡೆ ಇದ್ದರೆ ಅದು ಬರೀ ಜಾಗ ಬದಲಾವಣೆ. ಮೇಜಿನಿಂದ ಒಮ್ಮೆ ಕೆಳಗೆ ಬಿದ್ದರೆ ಮುಗಿಯಿತು. ಮತ್ತೆ ಬಾರದಂಥ ಫೋಟೊಗಳಿಗೆ ಇನ್ನೊಂದು ಡಿಸ್ಕೋ ಕ್ಲೌಡೋ ಬೇಕೇ ಬೇಕು.

ಕ್ಲೌಡ್ ಅಂದಾಗ ನಾನೇ ಮಾಡಿಕೊಂಡ ಒಂದು ಎಡವಟ್ಟು ನೆನಪಾಗುತ್ತದೆ. ಅಕ್ಕನ ಲ್ಯಾಪ್‌ಟಾಪ್ ತುಂಬಿತ್ತು. ನೋಡಿದೆ, ಕ್ಲೌಡ್ ಫೋಲ್ಡರ್‌ನಲ್ಲಿ 30 ಜಿಬಿ ಫೋಟೊ. ‘ಹೇಗೂ ಮೇಲೆ ಒಂದು ಪ್ರತಿ ಇದೆಯಲ್ಲ, ಇಲ್ಲಿ ಯಾಕೆ’ ಅಂತ ಎಲ್ಲಾ ಅಳಿಸಿ, ಬಿನ್ ಖಾಲಿ ಮಾಡಿ, ಹೆಮ್ಮೆಯಿಂದ ಮನೆಗೆ ಬಂದೆ. ಸಂಜೆ ಫೋನ್. “ಮಗು ಹುಟ್ಟಿದಾಗಿನ ಫೋಟೊ ಫೋನಲ್ಲೂ ಕಾಣ್ತಿಲ್ಲ ಕಣೋ, ಏನು ಮಾಡಿದೆ?” ಸಿಂಕ್ ಆಗುವ ಫೋಲ್ಡರ್ ಕನ್ನಡಿ ಇದ್ದ ಹಾಗೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಎಲ್ಲಾ ಕಡೆಯೂ ಅಳಿಯುತ್ತದೆ. ಈ ಕೆಲಸವನ್ನೇ ಕಸುಬು ಮಾಡಿಕೊಂಡ ನನಗೆ ಅದು ಗೊತ್ತಿರಲಿಲ್ಲ ಅಂತಲ್ಲ, ಆ ಹೊತ್ತಿಗೆ ಹೊಳೆಯಲಿಲ್ಲ. ಪುಣ್ಯಕ್ಕೆ ಕ್ಲೌಡ್‌ನಲ್ಲಿಯೂ ಒಂದು ಬಿನ್ ಇತ್ತು, ಅವಧಿ ಮುಗಿದಿರಲಿಲ್ಲ, ಎಲ್ಲಾ ವಾಪಸ್ ಬಂತು. ಅಕ್ಕ ಮಾತ್ರ ಇವತ್ತಿಗೂ ನನ್ನ ಕೈಗೆ ಲ್ಯಾಪ್‌ಟಾಪ್ ಕೊಡುವಾಗ ಪಕ್ಕದಲ್ಲೇ ಕೂರುತ್ತಾಳೆ.

ಸರಿಯಾದ ದಾರಿ ಬೇರೆ. ಒನ್‌ಡ್ರೈವ್ ಬಳಸುತ್ತಿದ್ದರೆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ‘ಫ್ರೀ ಅಪ್ ಸ್ಪೇಸ್’ ಆರಿಸಿ. ಆಗ ಫೈಲ್ ಕ್ಲೌಡ್‌ನಲ್ಲಿ ಉಳಿಯುತ್ತದೆ, ನಿಮ್ಮ ಡಿಸ್ಕಿನಲ್ಲಿ ಹೆಸರು ಮಾತ್ರ ಇರುತ್ತದೆ. ಪಕ್ಕದಲ್ಲಿ ನೀಲಿ ಮೋಡದ ಗುರುತು ಬಂದರೆ ಹಾಗಾಯಿತು ಅಂತ ಅರ್ಥ. ಅನುಮಾನವಿದ್ದರೆ ಪ್ರಾಪರ್ಟೀಸ್ ತೆರೆಯಿರಿ. ‘ಸೈಜ್’ ಎದುರು 30 ಜಿಬಿ ಅಂತಲೂ ‘ಸೈಜ್ ಆನ್ ಡಿಸ್ಕ್’ ಎದುರು ಸೊನ್ನೆಯ ಹತ್ತಿರದ ಅಂಕಿಯೂ ಇರುತ್ತದೆ. ಎರಡು ಕ್ಲಿಕ್ ಮಾಡಿದಾಗ ಫೈಲ್ ಮತ್ತೆ ಇಳಿದು ಬರುತ್ತದೆ, ಅದಕ್ಕೆ ಇಂಟರ್‌ನೆಟ್ ಬೇಕು. ಪ್ರಯಾಣದಲ್ಲಿ ಬೇಕಾಗುವ ಫೈಲ್‌ಗಳಿಗೆ ಹೀಗೆ ಮಾಡಬೇಡಿ.

ಸಿ ಜೊತೆಗೆ ಡಿ ಡ್ರೈವ್ ಕೂಡ ಇರುವವರಿಗೆ ಒಂದು ಮಾತು. ಡೌನ್‌ಲೋಡ್ಸ್, ವಿಡಿಯೋಸ್ ಫೋಲ್ಡರ್‌ಗಳನ್ನೇ ಡಿಗೆ ಸಾಗಿಸಬಹುದು: ಬಲ ಕ್ಲಿಕ್, ಪ್ರಾಪರ್ಟೀಸ್, ಲೊಕೇಷನ್, ಮೂವ್. ಆದರೆ ಮೊದಲು ಡಿಯಲ್ಲಿ ‘ಡೌನ್‌ಲೋಡ್ಸ್’ ಅಂತ ಖಾಲಿ ಫೋಲ್ಡರ್ ಮಾಡಿ, ಅದನ್ನು ತೋರಿಸಿ. ಬರೀ ಡಿ ಡ್ರೈವನ್ನೇ ತೋರಿಸಿದರೆ ಇಡೀ ಡಿ ಡ್ರೈವೇ ಡೌನ್‌ಲೋಡ್ಸ್ ಆಗಿ ಕೂರುತ್ತದೆ, ಬಿಡಿಸಲು ಹೋದರೆ ರಗಳೆಯೋ ರಗಳೆ. ಹಾಗೇ, ಪ್ರೋಗ್ರಾಂ ಫೈಲ್ಸ್‌ನೊಳಗಿನ ಫೋಲ್ಡರ್‌ಗಳನ್ನು ಕಟ್ ಮಾಡಿ ಡಿಗೆ ಹಾಕಬೇಡಿ, ಆ ಸಾಫ್ಟ್‌ವೇರ್ ಓಡುವುದಿಲ್ಲ. ನಿಮಗೆ ಡಿ ಇಲ್ಲ, ಎಕ್ಸ್‌ಟರ್ನಲ್ ಡಿಸ್ಕಿಗೆ ಈ ಲೊಕೇಷನ್ ಉಪಾಯ ಬೇಡ. ಡಿಸ್ಕ್ ಕಿತ್ತ ದಿನ ಡೌನ್‌ಲೋಡ್ ಎಲ್ಲಿ ಹೋಗಬೇಕು ಅಂತ ಗೊತ್ತಾಗದೆ ಕಂಪ್ಯೂಟರ್ ಒದ್ದಾಡುತ್ತದೆ.

ಎಷ್ಟು ಖಾಲಿ ಇಡಬೇಕು? ನಾನು ಶೇಕಡಾ 15 ಅನ್ನುತ್ತೇನೆ. ನಿಮಗೆ 35 ಜಿಬಿ. ಇದರ ಹಿಂದೆ ಕಾರಣವಿದೆ. ಎಸ್‌ಎಸ್‌ಡಿ ಬರೆಯುವುದು ಸಣ್ಣ ಸಣ್ಣ ಪುಟಗಳಾಗಿ, ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಬ್ಲಾಕನ್ನು ಒಟ್ಟಿಗೆ. ಸ್ಲೇಟಿನ ಮೇಲೆ ಸಾಲು ಸಾಲಾಗಿ ಬರೆಯಬಹುದು, ಆದರೆ ಒರೆಸಿದರೆ ಇಡೀ ಸ್ಲೇಟನ್ನೇ ಒರೆಸಬೇಕು ಅಂತ ನಿಯಮ ಇದ್ದ ಹಾಗೆ. ಉಳಿಸಬೇಕಾದ ಸಾಲುಗಳನ್ನು ಮೊದಲು ಬೇರೆ ಸ್ಲೇಟಿಗೆ ಬರೆದುಕೊಂಡು, ಆಮೇಲೆ ಇದನ್ನು ಒರೆಸಬೇಕು. ಖಾಲಿ ಸ್ಲೇಟುಗಳು ಇದ್ದರೆ ಈ ಕೆಲಸ ನಿಮಗೆ ಗೊತ್ತಾಗದಂತೆ ನಡೆಯುತ್ತದೆ. ಇಲ್ಲದಿದ್ದರೆ ಒಂದು ಸಾಲು ಬರೆಯಲು ಹತ್ತು ಸಾಲು ನಕಲು ಮಾಡುತ್ತಾ ಕೂರುತ್ತದೆ. ನಿಮ್ಮ ಲ್ಯಾಪ್‌ಟಾಪ್ ಇತ್ತೀಚೆಗೆ ನಿಧಾನವಾಗಿದೆ ಅನಿಸಿದ್ದರೆ ಅದಕ್ಕೆ ಇದೂ ಒಂದು ಕಾರಣ. ದೊಡ್ಡ ವಿಂಡೋಸ್ ಅಪ್‌ಡೇಟ್‌ಗಳಿಗೂ ಹಲವು ಜಿಬಿ ಖಾಲಿ ಬೇಕು. 6 ಜಿಬಿಯಲ್ಲಿ ಅರ್ಧಕ್ಕೆ ನಿಂತುಬಿಡುತ್ತವೆ. ಡಿಫ್ರಾಗ್ ಮಾಡಿದರೆ ಜಾಗ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ ಸಾಮಾನು ಜೋಡಿಸುವ ಕೆಲಸ, ಕಡಿಮೆ ಮಾಡುವುದಲ್ಲ.

ಮ್ಯಾಕ್ ಬಳಸುವವರೂ ಇದನ್ನು ಓದುತ್ತೀರಿ, ನಿಮಗೆ ಚಿಕ್ಕದಾಗಿ: ಸಿಸ್ಟಂ ಸೆಟ್ಟಿಂಗ್ಸ್, ಜನರಲ್, ಸ್ಟೋರೇಜ್‌ನಲ್ಲಿ ಪಟ್ಟಿ ಸಿಗುತ್ತದೆ. 20 ಜಿಬಿ ಅಳಿಸಿ ಟ್ರ್ಯಾಶ್ ಖಾಲಿ ಮಾಡಿದರೂ ಅಂಕಿ ಬದಲಾಗದಿದ್ದರೆ ಗಾಬರಿಯಾಗಬೇಡಿ. ಮ್ಯಾಕ್‌ನ ಬ್ಯಾಕಪ್ ಸಾಧನ ಟೈಮ್ ಮಷಿನ್ ಡಿಸ್ಕಿನಲ್ಲೇ ಇಟ್ಟುಕೊಂಡ ನಕಲು (ಲೋಕಲ್ ಸ್ನ್ಯಾಪ್‌ಶಾಟ್) ಆ ಫೈಲನ್ನು ಇನ್ನೂ ಹಿಡಿದುಕೊಂಡಿರುತ್ತದೆ. ಒಂದು ದಿನದಲ್ಲಿ, ಅಥವಾ ಜಾಗ ಬೇಕಾದಾಗ, ತಾನೇ ಬಿಡುತ್ತದೆ. ಐಫೋನ್ ಬ್ಯಾಕಪ್‌ನ ಕಥೆ ಮ್ಯಾಕ್‌ನಲ್ಲೂ ಇದೇ.

ಈಗ ನಿಮ್ಮ ಲೆಕ್ಕಕ್ಕೆ ವಾಪಸ್. ಹಳೆ ಫೋನಿನ ಬ್ಯಾಕಪ್ 24, ರಿಸ್ಟೋರ್ ಪಾಯಿಂಟ್ 7, ರೀಸೈಕಲ್ ಬಿನ್ 5, ಚಾಟ್ ಆ್ಯಪ್‌ನಿಂದ ಸುಮಾರು 6. ಒಟ್ಟು 42. ಈಗಿರುವ 6 ಸೇರಿದರೆ 48 ಜಿಬಿ ಖಾಲಿ. ಇನ್ನೂ ವಿಂಡೋಸ್‌ನ ಟೆಂಪೊರರಿ ಫೈಲ್ಸ್ ಮುಟ್ಟಿಲ್ಲ, ಒಂದು ವಿಡಿಯೊ ಅಳಿಸಿಲ್ಲ, ಒಂದು ಫೋಟೊವನ್ನೂ ನೋಡಿಲ್ಲ. ಇವತ್ತು ಸಂಜೆ ಒಂದು ಗಂಟೆಯ ಕೆಲಸ.

ಆರು ತಿಂಗಳಲ್ಲಿ ಮತ್ತೆ ಕೆಂಪಾದರೆ ಆಗ ನಿಮ್ಮ ಬಳಕೆಯೇ ಬೆಳೆದಿದೆ ಅಂತ ಅರ್ಥ. ಅಷ್ಟು ಹೊತ್ತಿಗೆ ಅಳಿಸುವ ಸರ್ಕಸ್ ಬಿಟ್ಟು ದೊಡ್ಡ ಎಸ್‌ಎಸ್‌ಡಿ ಹಾಕಿಸಿ. ಹಾಕಿಸುವ ಮೊದಲು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು ಬದಲಾಯಿಸಲು ಬರುವಂಥದ್ದೇ, ಬೋರ್ಡಿಗೇ ಬೆಸುಗೆ ಹಾಕಿದ್ದಾ ಅಂತ ಮಾಡೆಲ್ ನಂಬರ್ ನೋಡಿ ತಿಳಿದುಕೊಳ್ಳಿ. ಹಳೆಯ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲಾ ಹೊಸದಕ್ಕೆ ಹಾಗೇ ನಕಲು (ಕ್ಲೋನ್) ಮಾಡಿದ ಮೇಲೆ ಹಳೆಯದನ್ನು ತಕ್ಷಣ ಫಾರ್ಮ್ಯಾಟ್ ಮಾಡಬೇಡಿ, ಒಂದು ತಿಂಗಳು ಹಾಗೇ ಎತ್ತಿಡಿ.